ಮೂಕಿಭಾರ

ಟಕ್.

ನೆವಿಲ್ ಕತ್ತಲಲ್ಲಿ ಕಣ್ಣು ಬಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೊಂದು, ಟಕ್. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಷ್ಟು ಸಣ್ಣ ಸದ್ದು. ಬಂದದ್ದು ಮಾತ್ರ ಅವರ ಮನೆಗಾಡಿ ಕ್ಯಾರವಾನಿನ ಮುಂಭಾಗದಿಂದ, ಅದನ್ನು ಕಾರಿಗೆ ಸಿಕ್ಕಿಸುವ ಕಬ್ಬಿಣದ ಮೂಕಿಯ ಕಡೆಯಿಂದ. ಮೂಕಿ ಸೀಳುತ್ತಿದೆ, ಇನ್ನು ಮುಗಿಯಿತು ಎಂದುಕೊಂಡ. ಅಂಚೆ ಕಚೇರಿಯಲ್ಲಿ ಜೀವನವಿಡೀ ಕಾಗದ ವಿಂಗಡಿಸಿ ನಿವೃತ್ತನಾದವನು ಅವನು. ಕಬ್ಬಿಣದ ಬಗ್ಗೆ ಅವನಿಗೆ ತಿಳಿದಿದ್ದದ್ದು ಭಯಪಡುವುದಷ್ಟೇ.

ಬಾಗಿಲು ತೆರೆದು ಹೆಂಡತಿ ನೊಲೀನ್ ಒಳಗೆ ಬಂದಳು. ಕ್ಯಾರವಾನುಗಳು ತಂಗುವ ಆ ಪಾರ್ಕಿನ ಶೌಚಾಲಯ ಆ ಕೊನೆಯಲ್ಲಿತ್ತು, ಪಾಪ, ದಿನಾ ರಾತ್ರಿ ಅವಳಿಗೆ ಅಷ್ಟು ದೂರದ ನಡಿಗೆ. ಸದ್ದು ಕೇಳಿಸಿತಾ ಎಂದು ಇವನು ಕೇಳಿದ.

"ಬಿಸಿಲಿಗೆ ಕಾದ ಕಬ್ಬಿಣ ರಾತ್ರಿ ತಣ್ಣಗಾದ್ರೆ ಹಾಗೇ ಸದ್ದು ಮಾಡತ್ತೆ, ನೆವ್. ಮಲ್ಕೋ."

ಅವಳು ಮಲಗಿದಳು. ಅವನಿಗೆ ಎಲ್ಲಿಯ ನಿದ್ದೆ? ಮೂಡಣದ ತಮ್ಮೂರು ಬೆಂಡಿಗೊ ಬಿಟ್ಟಂದಿನಿಂದ ದಿನದಿನಕ್ಕೆ ಕಾರಿನ ಹಿಂಭಾಗ ಕುಸಿಯುತ್ತ, ಮುಂಭಾಗ ಮೇಲೇಳುತ್ತ ಬಂದಿತ್ತು. ಈಗಂತೂ ಅದು ಬಾಲದ ಮೇಲೆ ಕೂತ ನಾಯಿಯಂತೆ ಕಾಣುತ್ತಿತ್ತು. ಮುಸ್ಸಂಜೆಯಲ್ಲಿ ಅದರ ದೀಪ ರಸ್ತೆಯನ್ನು ಬಿಟ್ಟು ಮರದ ಮೇಲೆ ಮಲಗಿದ್ದ ಕಾಕಟೂ ಗಿಳಿಗಳನ್ನು ಎಬ್ಬಿಸುತ್ತಿತ್ತು. ಎದುರಿನಿಂದ ಬರುವ ಭಾರಿ ಲಾರಿಗಳವರು ಹಾರ್ನಿನಲ್ಲೇ ಇವನ ವಂಶವನ್ನೆಲ್ಲ ಬೈದುಕೊಂಡು ಹೋಗುತ್ತಿದ್ದರು. ಈ ಸೆಡೂನಾ ಊರು ತಲುಪಿದ ಸಂಜೆ ನೊಲೀನ್ ತಣ್ಣನೆಯ ದನಿಯಲ್ಲಿ ಹೇಳಿದ್ದಳು: "ಇದು ನೆಟ್ಟಗೆ ನಿಂತ್ರೆ ನಿನ್ನ ಜೊತೆ ಪರ್ತ್‌ವರೆಗೂ ಬರ್ತೀನಿ. ನಿಲ್ಲದಿದ್ರೆ ಗುರುವಾರದ ಬಸ್ಸಿಗೆ ನಾನು ಮನೆಗೆ."

ನಾಳೆ ಬುಧವಾರ.

ಸೆಡೂನಾದಿಂದಾಚೆ ಪಡುವಣಕ್ಕೆ ಮರವಿಲ್ಲದ ಬಯಲು, ಅದರಾಚೆ ಎಸ್ಪರೆನ್ಸ್, ಆಲ್ಬನಿ, ಪರ್ತ್, ಬ್ರೂಮ್. ಈ ಊರುಗಳ ಹೆಸರು ಬರೆದ ಲಕೋಟೆಗಳನ್ನು ಗೂಡುಗಳಿಗೆ ತುಂಬಿ ತುಂಬಿ ನೆವಿಲ್ ಮುದುಕನಾಗಿದ್ದ. ಕಾಗದಗಳೆಲ್ಲ ಅಲ್ಲಿಗೆ ಹೋದವು, ತಾನೊಬ್ಬ ಮಾತ್ರ ಹೋಗಲಿಲ್ಲ ಎಂಬ ಕೊರಗು ಅವನಿಗೆ. ಹೊರಡೋಣವೇ ಎಂದು ನೊಲೀನಳನ್ನು ಒಮ್ಮೆ ಕೇಳಿದ್ದ. ನಿನಗೆ ಖುಷಿಯಾದರೆ ಸರಿ ಎಂದಿದ್ದಳು. ಮತ್ತೊಮ್ಮೆ ಕೇಳಲು ಹೋಗಿರಲಿಲ್ಲ.

ಬೆಳಿಗ್ಗೆ ಪೇಟೆಯಿಂದ ತೂಕ ಹಂಚುವ ಕೊಂಡಿಯೊಂದನ್ನು ತಂದ. ಎರಡು ಉಕ್ಕಿನ ಸಲಾಕಿ, ಎರಡು ಸರಪಳಿ, ಮೂಕಿಯ ಎರಡು ತೋಳಿಗೆ ಕಚ್ಚಿಸಲು ಎರಡು ಕೊಕ್ಕೆ. ಸಲಾಕಿಗಳನ್ನು ಬಿಗಿದರೆ ಹಿಂದಿನ ಭಾರದಲ್ಲಿ ಒಂದಿಷ್ಟು ಕಾರಿನ ಮುಂದಿನ ಗಾಲಿಗಳಿಗೆ ಹೋಗುತ್ತದೆ, ಕಾರು ಮಟ್ಟಸವಾಗಿ ನಿಲ್ಲುತ್ತದೆ. ಯಾವ ಕ್ಯಾರವಾನಿಗೂ ಕೂರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಕೂರಬೇಕಾದರೆ ಮೂಕಿಯ ತೋಳಿನಲ್ಲಿ ಒಂದು ಗೇಣು ಖಾಲಿ ಜಾಗ ಬೇಕು ಎಂದು ಹೇಳಿರಲಿಲ್ಲ. ನೆವಿಲ್‌ನ ಮೂಕಿಯ ಮೇಲೆ ಎರಡು ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ಹತಾರದ ಪೆಟ್ಟಿಗೆ, ನಲ್ಲಿ ಎಲ್ಲವೂ ಸಂತೆಯ ದಿನದ ಬಸ್ಸಿನಲ್ಲಿ ಜನ ನಿಂತ ಹಾಗೆ ನಿಂತಿದ್ದವು. ಒಂದು ಬೆರಳು ತೂರಿಸಲೂ ಜಾಗವಿರಲಿಲ್ಲ.

ಅವನು ಸ್ಪ್ಯಾನರ್ ಕೈಗೆತ್ತಿಕೊಂಡದ್ದಷ್ಟೇ. ಕ್ಯಾರವಾನ್ ಪಾರ್ಕಿನಲ್ಲಿ ಸ್ಪ್ಯಾನರಿನ ಸದ್ದು ಸಾಸೇಜಿನ ವಾಸನೆಗಿಂತ ಬೇಗ ಹರಡುತ್ತದೆ. ಪಕ್ಕದ ಜಾಗದ ಡಾರಿಲ್ ಮಡಚುವ ಕುರ್ಚಿ ಮತ್ತು ಚಹಾದ ಮಗ್ ಹಿಡಿದು ಬಂದ. ಲಾರಿ ಓಡಿಸಿದ್ದವನು, ಹೊಟ್ಟೆ ಇನ್ನೂ ಸ್ಟಿಯರಿಂಗಿನ ಆಕಾರದಲ್ಲೇ ಇತ್ತು. ಅವನ ಹಿಂದೆ ಎದುರು ಸಾಲಿನ ಹೆಲ್ಮುಟ್, ಚಪ್ಪಲಿಯೊಳಗೆ ಕಾಲುಚೀಲ, ಕೈಯಲ್ಲಿ ಅಳತೆ ಪಟ್ಟಿ.

"ಇದು ಕೂರಲ್ಲ ಮಾರಾಯ," ಎಂದ ಡಾರಿಲ್, ಸಮಾಧಾನದಿಂದ.

"ಕೂರುತ್ತದೆ," ಎಂದ ಹೆಲ್ಮುಟ್, ಡಾರಿಲ್ ಕೂರುವುದಿಲ್ಲ ಎಂದನೆಂಬ ಒಂದೇ ಕಾರಣಕ್ಕೆ.

ಮೊದಲು ಸಿಲಿಂಡರುಗಳನ್ನು ಬಿಚ್ಚಿದರು. ಒಲೆಯ ಮೇಲಿದ್ದ ಮೊಟ್ಟೆ ಅರೆಬೆಂದು ನಿಂತಿತು. ಆಮೇಲೆ ಹತಾರದ ಪೆಟ್ಟಿಗೆ. ಅದರ ಬೋಲ್ಟು ತುಕ್ಕು ಹಿಡಿದಿತ್ತು. ಅದನ್ನು ಬಿಚ್ಚುವ ಸ್ಪ್ಯಾನರು ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಯ ಮುಚ್ಚಳ ತೆರೆಯಲು ನಲ್ಲಿ ಅಡ್ಡವಿತ್ತು. ನಲ್ಲಿಯನ್ನು ಡಾರಿಲ್ ಸ್ವಲ್ಪವೇ ತಿರುಗಿಸಿದ. ಕ್ಯಾರವಾನಿನ ತೊಟ್ಟಿಯ ನೀರೆಲ್ಲ ನೆವಿಲ್‌ನ ಷರಟಿನೊಳಗೆ ಇಳಿಯಿತು.

ಅಷ್ಟರಲ್ಲಿ ಪಾರ್ಕಿನ ಮ್ಯಾನೇಜರ್ ಗ್ಲೆನಿಸ್ ಬಂದಳು. ಅವಳಿಗೆ ಕೊಂಡಿಯ ಚಿಂತೆಯಿರಲಿಲ್ಲ. ಪ್ರತಿ ಜಾಗದ ಸುತ್ತ ಅಂಚಿಗಿಟ್ಟ ಸುಣ್ಣ ಬಳಿದ ಕಲ್ಲುಗಳು ಮೂರು ರಾತ್ರಿಯಿಂದ ಕಾಣೆಯಾಗುತ್ತಿವೆಯಂತೆ. ಪ್ರತಿಯೊಂದಕ್ಕೂ ತಾನೇ ಬಗ್ಗಿ ಸುಣ್ಣ ಬಳಿದದ್ದು, ಸೊಂಟ ಇನ್ನೂ ನೋಯುತ್ತಿದೆ, ಕಳ್ಳ ಸಿಕ್ಕರೆ ಆ ಕ್ಷಣವೇ ಗೇಟಿನಾಚೆ ಎಂದು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನಿರಪರಾಧಿಯಾದ ನೆವಿಲ್‌ನ ಕಿವಿ ಕೆಂಪಾಯಿತು. ಯಾರು ಹಾಗೆ ನೋಡಿದರೂ ಅವನ ಕಿವಿ ಕೆಂಪಾಗುತ್ತಿತ್ತು.

ಹೆಲ್ಮುಟ್ ಆ ಹೊತ್ತಿಗೆ ಗ್ಲೆನಿಸ್‌ಳ ಬಚ್ಚಲುಮನೆಯ ತೂಕದ ಯಂತ್ರವನ್ನೇ ಬೇಡಿ ತಂದ. ಮೂಕಿಯ ಭಾರ ತಿಳಿಯದೆ ಬಿಗಿಯುವುದು ಮೂರ್ಖತನ ಎಂದು ಅವನ ವಾದ. ಒಂದು ಹಲಗೆ ಇಟ್ಟು, ಅದರ ಮೇಲೆ ಮೂಕಿಯ ತುದಿ ಇಳಿಸಿದರು. ಮುಳ್ಳು ಒಂದು ಸುತ್ತು ಬಂತು, ಮೊದಲಿನ ಸೊನ್ನೆಯನ್ನು ದಾಟಿತು, ಇನ್ನೂ ಮುಂದೆ ಹೋಯಿತು. ಆಮೇಲೆ ಗಾಜು ಬಿರಿಯಿತು.

"ಮೂಕಿ ಮೇಲಿದ್ದದ್ದೆಲ್ಲ ತೆಗೆದಾಯ್ತಲ್ಲ," ಎಂದ ಡಾರಿಲ್. "ಇನ್ನೂ ಇಷ್ಟು ಭಾರ ಎಲ್ಲಿಂದ? ಮುಂದಿನ ಗೂಡಲ್ಲಿ ಏನಿಟ್ಟಿದೀಯ?"

ಮೂಕಿಯ ಹಿಂದೆಯೇ, ಕ್ಯಾರವಾನಿನ ಎದೆಯಲ್ಲಿ, ಬೀಗ ಹಾಕಿದ ಸಾಮಾನಿನ ಗೂಡೊಂದಿತ್ತು. ಡಾರಿಲ್ ಅದಕ್ಕೆ ಕೈಹಾಕಿದ. ಮೆಟ್ಟಿಲ ಮೇಲೆ ಹೆಣೆಯುತ್ತ ಕೂತಿದ್ದ ನೊಲೀನ್ ತಲೆ ಎತ್ತಲಿಲ್ಲ.

"ಅದರಲ್ಲಿ ನನ್ನ ಒಳಬಟ್ಟೆ ಇದೆ, ಡಾರಿಲ್. ನೋಡ್ಬೇಕಾ?"

ಡಾರಿಲ್ ಬಿಸಿ ಹಂಚು ಮುಟ್ಟಿದವನಂತೆ ಕೈ ತೆಗೆದ. ಹೆಲ್ಮುಟ್ ಆಕಾಶ ನೋಡಿದ. ಒಳಬಟ್ಟೆಯ ತೂಕದ ಬಗ್ಗೆ ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಸಿಲಿಂಡರ್ ಕೂರಿಸುವ ಕಬ್ಬಿಣದ ತಟ್ಟೆ ಇನ್ನೂ ಅಡ್ಡ ಬರುತ್ತಿತ್ತು. ಸಲಾಕಿಯನ್ನೇ ಕೊಯ್ಯೋಣ ಎಂದ ಡಾರಿಲ್. ಮೂಕಿಯನ್ನೇ ಉದ್ದ ಮಾಡೋಣ ಎಂದ ಹೆಲ್ಮುಟ್. ಕೊನೆಗೆ ತಟ್ಟೆಯ ಅಂಚನ್ನು ಕೊರೆದು ಕೊಕ್ಕೆ ಕೂರಿಸಿದರು. ಮೊದಲ ಸಲ ಬಿಗಿದಾಗ ಸಲಾಕಿ ಚಿಮ್ಮಿ ನೆವಿಲ್‌ನ ಮೊಣಕಾಲಿಗೆ ಬಡಿಯಿತು. ಎರಡನೆಯ ಸಲ ಇನ್ನೊಂದು ಮೊಣಕಾಲಿಗೆ. ಮೂರನೆಯ ಸಲ ಸರಪಳಿ ಕಚ್ಚಿ ಕೂತಿತು, ಕಾರಿನ ಬಾಲ ಮೆಲ್ಲನೆ ಎದ್ದಿತು, ಮೂತಿ ಇಳಿಯಿತು, ಇಡೀ ಗಾಡಿ ಊಟದ ಮೇಜಿನ ಹಾಗೆ ಮಟ್ಟಸವಾಯಿತು. ನಾಲ್ಕು ಸಾಲಿನ ಜನ ಚಪ್ಪಾಳೆ ತಟ್ಟಿದರು. ಇನ್ನು ಜಾಗವಿಲ್ಲದ ಒಂದು ಸಿಲಿಂಡರನ್ನು ತಾನೇ ಇಟ್ಟುಕೊಳ್ಳುವುದಾಗಿ ಡಾರಿಲ್ ದೊಡ್ಡ ಮನಸ್ಸು ಮಾಡಿ ಹೊತ್ತುಕೊಂಡು ಹೋದ.

ನೆವಿಲ್ ಕುಂಟುತ್ತ ಹೋಗಿ ಹೆಂಡತಿಯ ಮುಂದೆ ನಿಂತ. "ನಿಂತಿತು, ನೊಲೀನ್. ಪರ್ತ್."

ಅವಳು ಕಾರನ್ನು ನೋಡಿದಳು. ಹೆಣಿಗೆಯ ಎರಡು ಸಾಲು ಬಿಚ್ಚಿದಳು. "ಹೌದು, ನಿಂತಿತು," ಎಂದು ಟವಲು ಹಿಡಿದು ಸ್ನಾನದ ಮನೆಯ ಕಡೆ ನಡೆದಳು. ಗೂಡಿನ ಬೀಗದ ಕೈ ಮೆಟ್ಟಿಲ ಮೇಲೆ, ಉಣ್ಣೆಯ ಉಂಡೆಯ ಪಕ್ಕ ಉಳಿದಿತ್ತು.

ಹತಾರದ ಪೆಟ್ಟಿಗೆಗೆ ಎಲ್ಲಾದರೂ ಒಂದು ಜಾಗ ಬೇಕಿತ್ತು. ನೆವಿಲ್ ಗೂಡು ತೆರೆದ.

ಮೇಲೊಂದು ಕಂಬಳಿ. ಕಂಬಳಿಯ ಕೆಳಗೆ ಕಲ್ಲು. ಸುಣ್ಣ ಬಳಿದ ಬಿಳಿ ಕಲ್ಲುಗಳು, ಸದ್ದಾಗದಿರಲೆಂದು ಒಂದೊಂದನ್ನೂ ಅವನದೇ ಕಾಲುಚೀಲದಲ್ಲಿ ಸುತ್ತಿತ್ತು. ಕಾಲುಚೀಲಗಳು ಸಾಲದೆ ಬಂದಿದ್ದವೇನೋ, ಮೇಲಿನ ಕೆಲವು ಬರಿಗಲ್ಲು. ಅವುಗಳ ಕೆಳಗೆ ಹಸಿರು ಬಣ್ಣದವು. ಹಸಿರು ಹಿಂದಿನ ವಾರ ಇಳಿದಿದ್ದ ಪಾರ್ಕಿನದು. ಅದರ ಕೆಳಗೆ ನೀಲಿ, ಅದಕ್ಕೂ ಮೊದಲಿನ ಪಾರ್ಕಿನದು. ಎಲ್ಲಕ್ಕಿಂತ ಕೆಳಗೆ ಬಣ್ಣವಿಲ್ಲದ ಉರುಟು ಕಲ್ಲುಗಳು. ಅವನ್ನು ಗುರುತಿಸಲು ಒಂದು ಕ್ಷಣ ಹಿಡಿಯಿತು. ಬೆಂಡಿಗೊದಲ್ಲಿ ತಮ್ಮ ಮನೆಯ ಹಿಂದೆ, ನೊಲೀನ್ ಗುಲಾಬಿಯ ಪಾತಿಗೆ ಅಂಚು ಕಟ್ಟಿದ್ದ ಕಲ್ಲುಗಳು.

ಅವನು ಮೂಕಿಯ ಮೇಲೆಯೇ ಕೂತ. ಈಗ ಅಲ್ಲಿ ಕೂರಲು ಬೇಕಾದಷ್ಟು ಜಾಗವಿತ್ತು.

ಬೇಡ ಎಂಬ ಒಂದು ಮಾತು ಅವಳು ಆಡಿರಲಿಲ್ಲ. ದಿನಾ ರಾತ್ರಿ ಒಂದಿಷ್ಟು ಕಲ್ಲು ಇಟ್ಟಿದ್ದಳು. ತಾನು ಇಡೀ ದಿನ ಮೈಮುರಿದು ಭಾರ ಹಂಚಿದ್ದೇನೋ ನಿಜ. ಯಾವ ಭಾರ ಎಂದು ಕೇಳಿರಲಿಲ್ಲ.

ಸದ್ಯಕ್ಕೆ ಬಿಳಿ ಕಲ್ಲುಗಳನ್ನಾದರೂ ಅವು ಇದ್ದಲ್ಲಿ ಇಟ್ಟುಬಿಡಬೇಕು, ಅವಳ ಹೆಸರು ಬರಬಾರದು ಎಂದುಕೊಂಡು ಬಕೆಟ್ಟಿಗೆ ತುಂಬಿದ. ಮೊದಲ ಕಲ್ಲನ್ನು ಅಂಚಿಗಿಡಲು ಬಗ್ಗಿದಾಗ, ಒಡೆದ ತೂಕದ ಯಂತ್ರದ ಲೆಕ್ಕ ಕೇಳಲು ಬಂದ ಗ್ಲೆನಿಸ್ ಹಿಂದೆ ನಿಂತಿದ್ದಳು. ಅವಳು ಬಕೆಟ್ ನೋಡಿದಳು. ತೆರೆದ ಗೂಡು ನೋಡಿದಳು.

"ಹಸಿರು, ನೀಲಿ ಬೇರೆ," ಎಂದಳು. "ಒಂದು ಪಾರ್ಕನ್ನೂ ಬಿಟ್ಟಿಲ್ಲ ನೀವು."

ಡಾರಿಲ್ ಕುರ್ಚಿ ಸಮೇತ ಬಂದ. ಹೆಲ್ಮುಟ್ ಬಂದ. ಒದ್ದೆ ಕೂದಲಿಗೆ ಟವಲು ಸುತ್ತಿ ನೊಲೀನ್ ಬಂದಳು. ನೆವಿಲ್‌ನ ಕಿವಿ ಎರಡೂ ಕೆಂಡವಾಗಿದ್ದವು. ತಪ್ಪೊಪ್ಪಿಗೆಗೆ ಬೇರೆ ಮಾತೇ ಬೇಕಿರಲಿಲ್ಲ. ಯಾಕೆ ಮಾಡಿದಿರಿ ಎಂದು ಗ್ಲೆನಿಸ್ ಕೇಳಿದಳು.

"ಚೆನ್ನಾಗಿದ್ವು," ಎಂದ ನೆವಿಲ್.

ಬೆಳಿಗ್ಗೆ ಪಾರ್ಕಿನ ಕಚೇರಿ ಬಾಗಿಲು ತೆರೆಯುವ ಮೊದಲೇ ಜಾಗ ಖಾಲಿ ಮಾಡಬೇಕು ಎಂದಳು ಗ್ಲೆನಿಸ್. ಡಾರಿಲ್ ಇಳಿದನಿಯಲ್ಲಿ, ತನ್ನ ಭಾವನಿಗೂ ಹೀಗೇ ಶುರುವಾದದ್ದು, ಅವನು ಮೊದಲು ಚಮಚ ಕದಿಯುತ್ತಿದ್ದ ಎಂದ. ಇರಬಹುದು ಎಂದ ಹೆಲ್ಮುಟ್. ಆ ದಿನ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯ.

ನೊಲೀನ್ ಹತ್ತಿರ ಬಂದು ನೆವಿಲ್‌ನ ಹಣೆ ಮುಟ್ಟಿ ನೋಡಿದಳು. ಅವಳ ಹೆಬ್ಬೆರಳ ಉಗುರಿನ ಸಂದಿಯಲ್ಲಿ, ಸ್ನಾನ ಮಾಡಿ ಬಂದರೂ, ಬಿಳಿ ಸುಣ್ಣ ಉಳಿದಿತ್ತು.

"ನಿಂಗೇನಾಯ್ತು, ನೆವ್?" ಎಂದಳು. ಮೃದುವಾಗಿ, ನಿಜವಾದ ಮರುಕದಿಂದ. "ಈ ಸ್ಥಿತೀಲಿ ಪರ್ತ್ ಬೇಡ. ಮನೆಗೆ ಹೋಗಿ ಒಂದ್ಸಲ ಡಾಕ್ಟರಿಗೆ ತೋರಿಸೋಣ."

ಅವನು ಆ ಉಗುರನ್ನೇ ನೋಡಿದ. ಬಕೆಟ್ ಎತ್ತಿಕೊಂಡು ಉಳಿದ ಬಿಳಿ ಕಲ್ಲುಗಳನ್ನು ಅಂಚಿಗಿಡಲು ಹೋದ.

ಮರುದಿನ ನಸುಕಿನಲ್ಲಿ ಕಾರು ಗೇಟು ದಾಟಿ ಮೂಡಣಕ್ಕೆ ತಿರುಗಿತು. ಅಷ್ಟು ಮಟ್ಟಸವಾಗಿ ಅದು ಎಂದೂ ಓಡಿರಲಿಲ್ಲ. ಎದುರು ಬಂದ ಲಾರಿಯವನೊಬ್ಬ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಸಲಾಮು ಹೊಡೆದು ಹೋದ. ಪಕ್ಕದ ಕನ್ನಡಿಯಲ್ಲಿ ಪಡುವಣದ ರಸ್ತೆ ಸಣ್ಣಗಾಗುತ್ತಿತ್ತು. ನೊಲೀನ್ ಹೆಣೆಯುತ್ತ, ಯಾವುದೋ ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದಳು.

ಗುಲಾಬಿ ಪಾತಿಯ ಕಲ್ಲುಗಳು ಗೂಡಿನ ತಳದಲ್ಲೇ ಇದ್ದವು. ಮನೆ ಸೇರಿದ ಮೇಲೆ ಒಂದು ರಾತ್ರಿ, ಅವಳು ಮಲಗಿದ್ದಾಗ, ಸದ್ದಾಗದ ಹಾಗೆ ಅವನ್ನು ಅವು ಇದ್ದಲ್ಲೇ ಇಟ್ಟುಬಿಡಬೇಕು ಎಂದು ನೆವಿಲ್ ಲೆಕ್ಕ ಹಾಕಿದ. ಡಾಕ್ಟರು ಏನು ಕೇಳಿದರೂ ಸರಿ, ನಡೆದದ್ದನ್ನು ಅವರಿಗಾಗಲಿ, ಮತ್ಯಾರಿಗಾಗಲಿ, ಅವಳಿಗೇ ಆಗಲಿ ಹೇಳುವುದಿಲ್ಲ ಎಂದು ನಿರ್ಧರಿಸಿದ.