ಹೊಸಿಲಲ್ಲಿ ಸಿಕ್ಕಿಬಿದ್ದ ಪ್ರಾಸ

ಪ್ರಾಸ ಕಟ್ಟುವವರ ಪಾಡು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಂದಲ್ಲ ಒಂದು ಎಡವಟ್ಟು ಅವರಿಗೆ ಗಂಟುಬಿದ್ದೇ ಇರುತ್ತದೆ. ನಮ್ಮ ಕಡೆ ಹೊಸ ಮದುಮಗಳು ಗಂಡನ ಮನೆಯ ಹೊಸಿಲ ಮುಂದೆ ನಿಂತು ಗಂಡನ ಹೆಸರನ್ನು ಪ್ರಾಸದಲ್ಲಿ ಹೇಳಬೇಕು. ಹೇಳದಿದ್ದರೆ ನಾದಿನಿ ಬಾಗಿಲು ಬಿಡುವುದಿಲ್ಲ. ಮೊದಲೆಲ್ಲ ಹೆಸರೊಂದೇ ಸಾಕಿತ್ತು. ತೊಂಬತ್ತರ ದಶಕದಲ್ಲಿ ಹೆಸರಿನ ಜೊತೆ ಇಂಗ್ಲಿಷ್ ಹುದ್ದೆಯೂ ಬರಬೇಕು ಎಂಬ ಹೊಸ ರೋಗ ಹತ್ತಿಕೊಂಡಿತು. ನಾನು ನಂಜನಗೂಡಿನ ಸ್ಕೂಲೊಂದರಲ್ಲಿ ಕನ್ನಡ ಟೀಚರು. ಹುಡುಗಿಯರೆಲ್ಲ ನನ್ನನ್ನೇ ಹುಡುಕಿಕೊಂಡು ಬಂದರು. ನನಗೂ ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಕಂಡಕ್ಟರ್

ಮೊದಲು ಬಂದವಳ ಗಂಡು ಬಸ್ ಕಂಡಕ್ಟರ್. ಸುಲಭ. "ಊರಿಗೆಲ್ಲ ಬೇಕು ಒಬ್ಬ ಡಾಕ್ಟರ್, ನನಗೆ ಸಾಕು ಮಾದೇವ ಕಂಡಕ್ಟರ್" ಎಂದು ಬರೆದುಕೊಟ್ಟು, ಮದುವೆಗೂ ಹೋದೆ. ಹುಡುಗಿ ಡಾಕ್ಟರ್ ತನಕ ಬಂದು ನಿಂತುಬಿಟ್ಟಳು. ಎರಡನೆಯ ಸಾಲು ಬಾಯಿಗೇ ಬರದು. ಹಿಂದಿನಿಂದ ಜನ ಒತ್ತುತ್ತಿದ್ದಾರೆ, ಮುಂದೆ ನಾದಿನಿ ಅಡ್ಡ, ಹುಡುಗಿಯ ಕಣ್ಣಲ್ಲಿ ನೀರು. ಕೊನೆಗೆ ಮದುಮಗ ಅಭ್ಯಾಸಬಲದಿಂದ ಕೂಗಿದ:

"ಒಳಕ್ಕೋಗಿ, ಒಳಕ್ಕೋಗಿ! ಪುಟ್‌ಬೋರ್ಡ್ ಮ್ಯಾಲೆ ನಿಂತ್ಕಬೇಡಿ!"

ಎಲ್ಲರಿಗಿಂತ ಮೊದಲು ಒಳಗೆ ಹೋದವಳು ನಾದಿನಿಯೇ.

ಸೂಪರ್‌ವೈಸರ್

ಈ ಪದಕ್ಕೆ ನಾಲ್ಕು ದಿನ ಒದ್ದಾಡಿದೆ. ಗೊಬ್ಬರದ ಅಂಗಡಿಯ ಬೋರ್ಡು ಕಾಪಾಡಿತು. "ಭತ್ತದ ಗದ್ದೆಗೆ ಬೇಕು ಫರ್ಟಿಲೈಸರ್, ನನ್ನ ಬಾಳಿಗೆ ಶಿವಣ್ಣ ಸೂಪರ್‌ವೈಸರ್!" ಮುಂದಿನ ವಾರ ತಿ. ನರಸೀಪುರದಿಂದ ಇನ್ನೊಬ್ಬಳು ಬಂದಳು. ಅವಳದೂ ಸೂಪರ್‌ವೈಸರ್ರೇ, ಹೆಸರು ಮಾತ್ರ ನಂಜುಂಡ. ಮತ್ತೆ ಯಾರು ಒದ್ದಾಡುತ್ತಾರೆ? ಹೆಸರು ಬದಲಾಯಿಸಿ ಅದನ್ನೇ ದಾಟಿಸಿದೆ.

ಶಿವಣ್ಣ, ನಂಜುಂಡ ಇಬ್ಬರೂ ಅಣ್ಣತಮ್ಮಂದಿರು, ಒಂದೇ ದಿನ ಮದುವೆ ಎಂದು ನನಗೆ ಗೊತ್ತಾದದ್ದು ಹದಿನಾರು ಎಂಬ ಊರಿನ ಅವರ ಮನೆಯ ಬಾಗಿಲಲ್ಲಿ. ಹಿರಿಸೊಸೆ ಫರ್ಟಿಲೈಸರ್ ಹೇಳಿ ಚಪ್ಪಾಳೆ ಗಿಟ್ಟಿಸಿ ಒಳಗೆ ಹೋದಳು. ಕಿರಿಸೊಸೆಯ ಮುಖ ಸುಣ್ಣವಾಯಿತು. ನಾನು ಕಂಬದ ಹಿಂದೆ ಸರಿದೆ. ಬೇರೆ ದಾರಿಯಿಲ್ಲದೆ ಅವಳೂ ಅದನ್ನೇ ಹೇಳಿದಳು. ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡು ಹೇಳಿದರು:

"ಅಯ್ಯೋ ಶಿವನೆ, ಒಂದೇ ಮೂಟೆ ಗೊಬ್ಬರಾನ ಇಬ್ರಿಗೂ ಅಂಚವ್ರಲ್ಲಪ್ಪ ಮೇಡಮ್ಮು!"

ಲೈಬ್ರೇರಿಯನ್

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೂ ಮದುವೆ ಗೊತ್ತಾಯಿತು. ಗಂಡು ತಿ. ನರಸೀಪುರದ ಲೈಬ್ರೇರಿಯನ್, ಹೆಸರು ಮಹೇಶ. ಮಾತು ಬಹಳ ಕಮ್ಮಿ. ನಿಶ್ಚಿತಾರ್ಥದ ದಿನ ಹೂವಿನ ತಟ್ಟೆ ಹಿಡಿದು ಬಂದ ಅವರ ತಂಗಿಯನ್ನು ತಲೆಯೆತ್ತಿ ನೋಡಿದೆ. ಹದಿನಾರು ಊರಿನ ಆ ಕಿರಿಸೊಸೆ, ನಂಜುಂಡನ ಹೆಂಡತಿ!

"ಗುರ್ತು ಸಿಕ್ತಾ ಮೇಡಂ? ಒಸ್ಲತ್ರ ನೋಡ್ಕತೀನಿ" ಎಂದು ನಕ್ಕಳು.

ಒಂದು ತಿಂಗಳು ನಿದ್ದೆಯಿಲ್ಲ. ಇಂಗ್ಲಿಷ್ ಮೇಷ್ಟ್ರನ್ನು ಕೇಳಿದರೆ "ಆಕ್ಟೋಜೆನೇರಿಯನ್" ಎಂದರು.

"ಹಾಗಂದ್ರೆ ಏನು ಸಾರ್?"

"ಎಂಬತ್ತು ದಾಟಿದ ಮುದುಕ."

ಅದು ಬೇಡವೆಂದು ಬಂದೆ. ಕೊನೆಗೆ ಹೋಟೆಲಿನ ಬೋರ್ಡು ದಾರಿ ತೋರಿಸಿತು.

ಮದುವೆ ಭಾನುವಾರ. ನಾಲ್ಕೂವರೆಗೆ ರಾಹುಕಾಲ. ಅದರೊಳಗೆ ಸೊಸೆ ಮನೆ ಸೇರಬೇಕೆಂದು ಅತ್ತೆಯ ಹಟ. ನಾವು ಬಂದು ಇಳಿದಾಗಲೇ ನಾಲ್ಕೂಕಾಲು. "ಪ್ರಾಸದ ಮೇಡಂ ಏನು ಹೇಳುತ್ತಾರೆ" ಎಂದು ಇಡೀ ಬೀದಿ ನೆರೆದಿತ್ತು. ನಾದಿನಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಊಟದಲ್ಲಿ ನಾನು ಶುದ್ಧ ವೆಜಿಟೇರಿಯನ್, ಬಾಳಿನಲ್ಲಿ ನನ್ನವರು ಮಹೇಶ ಲೈಬ್ರೇರಿಯನ್" ಎಂದೆ.

"ಇದ್ನೂ ಎಷ್ಟ್ ಜನಕ್ಕೆ ಕೊಟ್ಟಿದ್ದೀರೋ ಏನೋ! ಆಗಲ್ಲ ಅತ್ಗೆ. ಇಲ್ಲೇ ಒಸ್ದು ಕಟ್ಟಿ."

"ಬುಡೇ, ಬುಡೇ, ರಾವುಕಾಲ ಬಂತು" ಎಂದು ಅತ್ತೆ ಆರತಿ ತಟ್ಟೆ ಹಿಡಿದು ಒದ್ದಾಡಿದರು. ಅವಳು ಅಲುಗಲಿಲ್ಲ. ಯಾರೋ "ಇನ್ನು ಐದೇ ನಿಮಿಷ" ಎಂದರು. ಊರವರಿಗೆಲ್ಲ ಪ್ರಾಸ ಹಂಚಿದವಳಿಗೆ ಒಂದಕ್ಷರ ಹುಟ್ಟಲಿಲ್ಲ. ನಾಚಿಕೆಯಿಂದ ಅಳು ಬರುವಂತಾಗಿತ್ತು. "ಎಲ್ಡೇ ನಿಮಿಷ" ಎಂದರು. ಕಣ್ಣು ಮುಚ್ಚಿದೆ, ಬಾಯಿಗೆ ಬಂದದ್ದನ್ನು ಜೋರಾಗಿ ಹೇಳಿಬಿಟ್ಟೆ:

"ಭತ್ತದ ಗದ್ದೆಗೆ ಬೇಕು ಫರ್ಟಿಲೈಸರ್, ನನ್ನ ಬಾಳಿಗೆ ನಂಜುಂಡ ಸೂಪರ್‌ವೈಸರ್!"

ಗುಂಪಿನಲ್ಲಿದ್ದ ನಂಜುಂಡ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು. ನಾದಿನಿ ನನ್ನ ಕೈ ಹಿಡಿದು ದರದರ ಒಳಗೆ ಎಳೆದುಕೊಂಡಳು. "ಬನ್ನಿ ಅತ್ಗೆ, ಸಾಕು! ಇನ್ನೊಂದ್ಸಲ ಮಾತ್ರ ಅನ್ಬೇಡಿ!"

ರಾಹುಕಾಲಕ್ಕೆ ಇನ್ನೂ ಒಂದು ನಿಮಿಷ ಇತ್ತು. ಬೆಳಗಿನಿಂದ ತುಟಿ ಬಿಚ್ಚದಿದ್ದ ನನ್ನ ಗಂಡ ಪಕ್ಕಕ್ಕೆ ಬಂದು, ಲೈಬ್ರರಿಯಲ್ಲಿ ಮಾತಾಡುವಷ್ಟೇ ಸಣ್ಣ ದನಿಯಲ್ಲಿ ಹೇಳಿದರು:

"ಆ ಬುಕ್ಕು ಆಗ್ಲೇ ಇಶ್ಯೂ ಆಗೋಗದೆ ಕಣ್ರೀ. ನಿಮ್ ಎಸ್ರಲ್ಲಿರೋದು ನಾನು."