ಎರಡು ಗೆರೆ ಮೂಡಿದ ದಿನ

ಇಷ್ಟು ರಾದ್ಧಾಂತಕ್ಕೆ ಕಾರಣ ಬೆರಳಗಲವೂ ಇಲ್ಲದ ಒಂದು ಕಾಗದದ ಪಟ್ಟಿ. ಅದನ್ನು ಬಚ್ಚಲುಮನೆಯ ಕಿಟಕಿಯಲ್ಲಿ ಮರೆತು ಬಂದದ್ದು ರುಚಿತಾಳ ತಪ್ಪು, ಒಪ್ಪೋಣ. ಆದರೆ ಇನ್ನೊಬ್ಬರ ಬಚ್ಚಲುಮನೆಯ ಕಿಟಕಿಯಲ್ಲಿ ಏನಿದೆ ಎಂದು ಇಣುಕುವವರಿಗೆ ಏನೆನ್ನಬೇಕು?

ರುಚಿತಾ ಔರಂಗಾಬಾದಿನಲ್ಲಿ ಶಾಲಾ ಟೀಚರ್. ಗಂಡ ಮಧುಕರ ನಾಶಿಕದಲ್ಲಿ ಬ್ಯಾಂಕ್ ಅಧಿಕಾರಿ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿಲ್ಲ. ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷಿಸಿ, "ದೋಷ ಯಾರಲ್ಲೂ ಇಲ್ಲ. ಬೇಕಾದ ದಿನ ಇಬ್ಬರೂ ಒಂದೇ ಊರಲ್ಲಿರಿ, ಸಾಕು" ಎಂದು ಈ ಪಟ್ಟಿಗಳನ್ನು ಬರೆದುಕೊಟ್ಟಿದ್ದರು. ದಿನವೂ ಒಂದನ್ನು ಮೂತ್ರದಲ್ಲಿ ಅದ್ದಿ ನೋಡಬೇಕು. ಎರಡು ಗೆರೆಗಳೂ ಒಂದೇ ಸಮನೆ ಗಾಢವಾಗಿ ಮೂಡಿದರೆ ಅಂಡ ಹೊರಬರುವ ಹೊತ್ತು ಹತ್ತಿರವಾಯಿತೆಂದು ಅರ್ಥ. ಆಗ ಗಂಡ ಮನೆಯಲ್ಲಿರಬೇಕು. ಹೋದ ತಿಂಗಳು ಗೆರೆ ಮೂಡಿದಾಗ ಬ್ಯಾಂಕಿನಲ್ಲಿ ಆಡಿಟ್ ಇತ್ತು. ಅದರ ಹಿಂದಿನ ತಿಂಗಳು ಮನೆ ತುಂಬ ನೆಂಟರಿದ್ದರು.

"ಎರಡೂ ಗೆರಿ ಬಂದಾವ್ರಿ" ಎಂದು ಅಂದು ಬೆಳಿಗ್ಗೆ ರುಚಿತಾ ಫೋನ್ ಮಾಡಿದಾಗ ಮಧುಕರ ಬಾಯಲ್ಲಿದ್ದ ಪೋಹೆ ನುಂಗುವ ಮೊದಲೇ ಮ್ಯಾನೇಜರರ ಮನೆಗೆ ಓಡಿದ. ಹೆಂಡತಿಗೆ ಜ್ವರವೆಂದು ಸುಳ್ಳು ಹೇಳಿದ. ಆ ಪುಣ್ಯಾತ್ಮ, ಮರುದಿನ ಮಧ್ಯಾಹ್ನ ಕುರ್ಚಿಯಲ್ಲಿ ಕಾಣಲೇಬೇಕೆಂದು ತಾಕೀತು ಮಾಡಿ ಕಳಿಸಿದರು. ಅಂದರೆ ಕೈಗೆ ಸಿಕ್ಕಿದ್ದು ಒಂದೇ ರಾತ್ರಿ.

ಎಸ್‌ಟಿ ಬಸ್ಸಿನಲ್ಲಿ ಎಲುಬೆಲ್ಲ ಸಡಿಲಾಗಿ ಮನೆ ಮುಂದೆ ಬಂದಿಳಿದರೆ, ಕಟ್ಟಡದ ಕೆಳಗೆ ಹೋಟೆಲು ನಡೆಸುವ ಉಡುಪಿಯ ಹರಿದಾಸರು ಗಲ್ಲಾ ಬಿಟ್ಟು ಎದ್ದು ಬಂದರು.

"ಬಾಯಿ ತೆಗೀರಿ ಮಾರಾಯ್ರೇ!" ಎಂದು ಬಿಸಿ ಶಿರಾವನ್ನು ತುರುಕಿಯೇಬಿಟ್ಟರು. "ಅಂತೂ ಅಪ್ಪ ಆದ್ರಿ! ರಾಧಾಬಾಯಮ್ಮ ಎಲ್ಲ ಹೇಳಿದ್ರು."

ಮಧುಕರನ ನಾಲಿಗೆ ಸುಟ್ಟಿತು. ಅದಕ್ಕಿಂತ ಹೆಚ್ಚಾಗಿ ಎದೆ ಸುಟ್ಟಿತು.

ರಾಧಾಬಾಯಿ ಎಂದರೆ ಪಕ್ಕದ ಮನೆಯವರು, ಧಾರವಾಡದ ಕಡೆಯವರು. ಐದು ವರ್ಷದಿಂದ ದಿನಕ್ಕೊಮ್ಮೆ "ಏನರೆ ವಿಶೇಷ ಅದನೋ?" ಎಂದು ಕೇಳಿ ಆ ಗಂಡಹೆಂಡಿರ ಜೀವ ಹಿಂಡಿದವರು. ಅಂದು ತಮ್ಮ ನಳದಲ್ಲಿ ನೀರು ಬರಲಿಲ್ಲವೆಂದು ಬಕೆಟ್ ತುಂಬಿಕೊಳ್ಳಲು ರುಚಿತಾಳ ಬಚ್ಚಲುಮನೆಗೆ ಬಂದು ಪಟ್ಟಿಯನ್ನು ಕಂಡಿದ್ದರು. ಮಗಳು ಅಮೂಲ್ಯಾ ಬಸುರಾದಾಗ ಇಂಥದೇ ಪಟ್ಟಿ, ಇಂಥದೇ ಎರಡು ಗೆರೆ ತೋರಿಸಿದ್ದಳಂತೆ. ಪಟ್ಟಿಗಳಲ್ಲೂ ಬೇರೆ ಬೇರೆ ಜಾತಿ ಇರುತ್ತವೆ ಎಂದು ಅವರಿಗೆ ಹೇಳುವವರು ಯಾರು?

ಮಧುಕರ ಮೇಲೆ ಹೋದರೆ ಅವನ ಹಾಸಿಗೆ ಸುರುಳಿ ಸುತ್ತಿ ಹಾಲ್‌ನ ಮೂಲೆಯಲ್ಲಿ ನಿಂತಿತ್ತು. ಒಳಗೆ ಮಂಚದ ಮೇಲೆ ರಾಧಾಬಾಯಿಯವರ ಹಾಸಿಗೆ ಬಿಚ್ಚಿಕೊಂಡಿತ್ತು.

"ಮೂರು ತಿಂಗಳ ತನಕಾ ನೀವು ಈ ಖೋಲಿ ಕಡೆ ಹಾಯಬ್ಯಾಡ್ರಿ. ನಾ ಆಕೀ ಜೋಡಿ ಮಲಗ್ತೀನಿ" ಎಂದರು.

ಮಧುಕರ ಹೆಂಡತಿಯನ್ನು ಅಡಿಗೆಮನೆಗೆ ಕರೆದ. "ಅಲ್ಲಲೇ, ಖರೇ ಸಂಗತಿ ಹೇಳಬಾರದಾಗಿತ್ತೇನು?"

"ಏನಂತ ಹೇಳ್ಲಿ? ನೀವ ಹೇಳ್ರಿ ನೋಡೋಣು!" ರುಚಿತಾಳ ಕಣ್ಣಲ್ಲಿ ನೀರಾಡಿತು. "ಅವರು ಉಡಿ ತುಂಬಿದ್ರು. ಇಲ್ಲದ ಬಸಿರಿಗೆ ಉಡಿ ತುಂಬಿಸಿಕೊಂಡು ಕೂತೀನಿ."

ಆ ಮಾತಿಗೆ ಮಧುಕರನ ಪಿತ್ತ ನೆತ್ತಿಗೇರಿತು. ಹುಟ್ಟಾ ಮೆತ್ತಗಿನವನು, ಕೌಂಟರಿನಲ್ಲಿ ಬೈದವರಿಗೂ ನಮಸ್ಕಾರ ಮಾಡುವವನು, ಹಾಲ್‌ಗೆ ನುಗ್ಗಿ ಕೂಗಿದ.

"ಆಕಿ ಬಸಿರಿಲ್ರೀ ಕಾಕು! ಯಾವತ್ತು ಕೂಡಿದ್ರ ಬಸಿರಾಗ್ತದ ಅಂತ ತೋರಸೋ ಪಟ್ಟಿ ಅದು! ಇವತ್ತ ಆ ದಿನಾ! ಅದಕ್ಕಽ ನಾ ಓಡಿ ಬಂದೀನಿ!"

ಇಡೀ ಕಟ್ಟಡ ಗಪ್ಪಾಯಿತು. ಕೆಳಗೆ ಹರಿದಾಸರ ಕಾವಲಿಯ ಮೇಲೆ ದೋಸೆ ಹೊಯ್ಯುವ ಸದ್ದೂ ನಿಂತಿತು.

ರಾಧಾಬಾಯಿ ನಾಚಿ ಹೋಗುತ್ತಾರೆ ಎಂದುಕೊಂಡಿದ್ದ. ಎಲ್ಲಿಯ ನಾಚಿಕೆ! "ಮೊದಲ ಹೇಳಬಾರದೇನ್ರೀ? ನಾವೇನು ಪರಕೀಯರೇನು?" ಎಂದು ಅವನನ್ನೇ ಗದರಿಸಿ ತಮ್ಮ ಹಾಸಿಗೆ ಎತ್ತಿದರು. ಗಳಿಗೆಯೊಳಗೆ ಬದಾಮಿ ಹಾಲು ಬಂತು. ಹರಿದಾಸರು ನುಗ್ಗೆಕಾಯಿ ಸಾಂಬಾರು ಕಳಿಸಿದರು. ಮಹಡಿಯ ಹೆಂಗಸರೆಲ್ಲ ಬಂದು ಹಾಲ್‌ನಲ್ಲಿ ಚಾಪೆ ಹಾಸಿ, "ನೀವು ಒಳಗ ಹೋಗ್ರಿ, ಯಾರೂ ಗದ್ದಲ ಮಾಡದ್ಹಂಗ ನಾವು ನೋಡಿಕೋತೀವಿ" ಎಂದು ಕೂತರು. ಗಂಡಹೆಂಡತಿ ಮಂಚದ ಎರಡು ತುದಿಗೆ ಕೂತು ಗೋಡೆ ನೋಡಿದರು. ಇವರ ಮನೆಯ ದೀಪ ಹೊತ್ತಲು ಊರವರೆಲ್ಲ ಊದುಗೊಳವೆ ಹಿಡಿದು ನಿಂತರೆ ಯಾವ ದೀಪ ತಾನೇ ಉಳಿದೀತು?

ಉಪಾಯ ಹೊಳೆದದ್ದು ರುಚಿತಾಳಿಗೆ. "ವೇರೂಳಕ್ಕ ಹೋಗೋಣ್ರಿ. ಘೃಷ್ಣೇಶ್ವರನ ದರ್ಶನಾ ಅಂದ್ರ ಯಾರೂ ತಡಿಯಂಗಿಲ್ಲ. ಅಲ್ಲೇ ಲಾಡ್ಜಿನ್ಯಾಗ ಉಳಿದರಾತು."

ನಿಜವಾಗಿಯೂ ಯಾರೂ ತಡೆಯಲಿಲ್ಲ. ದೇವರ ಹೆಸರು ಕೇಳಿ ರಾಧಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹರಿದಾಸರು ಅಲ್ಲಿಯೇ ಲಾಡ್ಜ್ ಇಟ್ಟಿದ್ದ ತಮ್ಮ ಭಾವನಿಗೆ ಫೋನ್ ಮಾಡಿ ಒಳ್ಳೆಯ ರೂಮನ್ನೇ ಹೇಳಿದರು. ಐದು ವರ್ಷದಲ್ಲಿ ಮೊದಲ ಸಲ ಮಧುಕರನಿಗೆ ನೆರೆಹೊರೆಯವರ ಮೇಲೆ ಪ್ರೀತಿ ಹುಟ್ಟಿತು.

ಸಂಜೆ ಎಲ್ಲೋರಾ ಗುಹೆಗಳಿರುವ ಆ ವೇರೂಳವನ್ನು ಮುಟ್ಟಿ, ರೂಮಿನ ಅಗಳಿ ಹಾಕಿ, ಮಧುಕರ ದೊಡ್ಡದೊಂದು ಉಸಿರು ಬಿಟ್ಟ. ರುಚಿತಾ ಅಂದು ಮೊದಲ ಬಾರಿಗೆ ನಕ್ಕಳು.

ಬಾಗಿಲು ಬಡಿದ ಸದ್ದಾಯಿತು.

ಹೊರಗೆ ರಾಧಾಬಾಯಿ. ಹಿಂದೆ ಹರಿದಾಸರ ಹೋಟೆಲಿನ ವ್ಯಾನು, ಅದರ ತುಂಬ ಮಹಡಿಯ ಹೆಂಗಸರು. ರಾಧಾಬಾಯಿಯವರ ಕಂಕುಳಲ್ಲಿ ಮಧುಕರನದೇ ಹಾಸಿಗೆ ಸುರುಳಿ.

"ನಿಮ್ಮಿಬ್ಬರ ಹೆಸರಲೆ ನಾಳೆ ಬೆಳಿಗ್ಗೆ ದೇವರಿಗೆ ಅಭಿಷೇಕ ಹೇಳಿ ಬಂದೀನಿ" ಎಂದರು, ಮುಖ ಅರಳಿಸಿ. "ಸಂತಾನಕ್ಕ ಬೇಡಿಕೊಂಡದ್ದು, ಮಡಿ ಕೆಡಬಾರದು. ಇವತ್ತೊಂದು ರಾತ್ರಿ ಗಂಡಾಹೆಂಡ್ತಿ ಬ್ಯಾರೆ ಬ್ಯಾರೆ ಇರಬೇಕು. ಆಕಿ ನಮ್ಮ ಜೋಡಿ ಒಳಗ ಇರ್ತಾಳ. ನೀವು ವರಾಂಡಾದಾಗ ಮಲಕೋರಿ."

"ಕಾಕು, ಇವತ್ತಽ..." ಎಂದ ಮಧುಕರ. 

ರಾಧಾಬಾಯಿ ಹಾಸಿಗೆಯನ್ನು ಅವನ ಕೈಗಿಟ್ಟು, ತಾಯಿಯಂತೆ ಬೆನ್ನು ಸವರಿದರು.

"ಮಗಾ ಬೇಕಂದ್ರ ಇಷ್ಟರೆ ತಡಕೋಬೇಕಲ್ರೀ?"