ಮಿಷಿನ್ ಕಾಫಿಯ ಶಪಥ

ಪುಟ್ಟಬಸಪ್ಪನ ಹೋಟೆಲಿನ ಕಾಫಿ ಅವತ್ತು ಎಂದಿಗಿಂತ ತೆಳ್ಳಗಿತ್ತು. ದೊಡ್ಡಗಾಜನೂರಿನ ಉಳಿದವರೆಲ್ಲ ಹಣೆಬರಹ ಎಂದುಕೊಂಡು ಅದನ್ನೇ ಊದಿ ಕುಡಿಯುತ್ತಿದ್ದರು. ಜಡೇಸ್ವಾಮಿ ಮಾತ್ರ ಬಾಯಿ ಸುಮ್ಮನಿಟ್ಟುಕೊಳ್ಳಲಾರದೆ, “ಪುಟ್ಟಬಸಪ್ಪ, ಎಮ್ಮೆ ಮೈ ತೊಳ್ದ ನೀರೂ ಇದಕ್ಕಿಂತ ಗಟ್ಟಿಯಾಗಿರ್ತದೆ ಕಣ್ಲಾ. ನಮ್ಮನೆ ಮಿಷಿನ್ ಕಾಫಿ ಕುಡ್ದು ನೋಡು ಒಂದ್ಸಲ” ಎಂದುಬಿಟ್ಟ.

ಪುಟ್ಟಬಸಪ್ಪ ಸಿಟ್ಟಾಗಲಿಲ್ಲ. ಹೆಗಲ ಮೇಲಿನ ಟವಲಿನಲ್ಲಿ ಕೈ ಒರೆಸಿಕೊಂಡು ಗಿರಾಕಿಗಳ ಕಡೆ ತಿರುಗಿದ. “ಇವ್ನು ಆ ಮಿಷಿನ್ನ ತಂದು ವರ್ಸ ಆಯ್ತು. ಅದ್ರಿಂದ ಒಂದು ತೊಟ್ಟು ಕಾಫಿ ಬಿದ್ದುದ್ದ ಕಂಡೋರು ಯಾರಾರ ಇದ್ರೆ ಕೈ ಎತ್ರಪ್ಪ.”

ಒಂದು ಕೈಯೂ ಮೇಲೇಳಲಿಲ್ಲ. ಎದ್ದದ್ದು ನಗು.

ಜಡೇಸ್ವಾಮಿಯ ಕಿವಿ ಕೆಂಪಾಯಿತು. ತುಟಿಗೂ ತಾಗಿಸದ ಲೋಟವನ್ನು ಬಾಗಿಲ ಹೊರಗೆ ಸುರಿದು, “ಕೇಳ್ರಪ್ಪ ಎಲ್ಲಾರೂ. ಇವತ್ತು ಸಂಜೆ ಒಳಗೆ ಆ ಮಿಷಿನ್ನಲ್ಲಿ ಕಾಫಿ ಮಾಡಿ ಬೀದಿಗೆಲ್ಲ ಕುಡುಸ್ತೀನಿ. ಅಲ್ಲಿಗಂಟ ಬ್ಯಾರೆ ಕಾಫಿ ನನ್ನ ಗಂಟ್ಲಲ್ಲಿ ಇಳಿಯಲ್ಲ. ಈ ಓಟ್ಲು ಮೆಟ್ಲ ಮ್ಯಾಲೆ ಇನ್ನು ಕಾಲೂ ಮಡಗಲ್ಲ” ಎಂದು ಎದ್ದು ಬಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳಗಿನ ಕಾಫಿ ಬೀಳದಿದ್ದರೆ ತಲೆನೋವಿನಿಂದ ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಹೆಸರೂ ಮರೆಯುವ ಮನುಷ್ಯ ಅವನು. ಮನೆಗೆ ಬರುವಷ್ಟರಲ್ಲೇ ಹಣೆಯ ಎಡಗಡೆ ಸಣ್ಣಗೆ ಸಿಡಿಯತೊಡಗಿತ್ತು.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಶಾಂತಮಲ್ಲಮ್ಮ ಪಾತ್ರೆಯಲ್ಲಿ ಕುದಿಸಿದ ಮಾಮೂಲಿ ಕಾಫಿ ಹಿಡಿದು ನಿಂತಿದ್ದಳು. “ಯಾರೂ ಕಾಣಲ್ಲ, ಒಳೀಕೆ ಬಂದು ಕುಡೀರಿ” ಎಂದಳು.

“ಶಿವ ಕಾಣ್ತನೆ” ಎಂದು ಜಡೇಸ್ವಾಮಿ ಮುಖ ತಿರುಗಿಸಿಕೊಂಡ. ಶಾಂತಮಲ್ಲಮ್ಮ ಶಿವನ ಎದುರಿಗೇ ಆ ಕಾಫಿಯನ್ನು ತಾನು ಕುಡಿದಳು.

ಮಿಷಿನ್ನು ಬಿಳಿಗಿರಿ ಬೆಟ್ಟದ ಕಡೆಯ ಒಂದು ಕಾಫಿ ತೋಟದ ಬಂಗಲೆಯದು. ತೋಟದ ದೊರೆ ಸಾಮಾನು ಮಾರಿಕೊಂಡು ಊರು ಬಿಡುವಾಗ ಜಡೇಸ್ವಾಮಿ ಒಂದು ಜೊತೆ ಟಗರು ಕೊಟ್ಟು ತಂದಿದ್ದ. ಹಿತ್ತಾಳೆಯ ಗಡಿಗೆ, ಅದಕ್ಕೊಂದು ತಿರುಪಿನ ಮುಚ್ಚಳ, ಪಕ್ಕದಲ್ಲಿ ಬಗ್ಗಿದ ಒಂದು ಮೂತಿ. ನೀರು ಕಾದರೆ ಅದರ ಆವಿ ಒಳಗಿನ ಪುಡಿಯ ಮೂಲಕ ಹಾದು ಮೂತಿಯಿಂದ ಡಿಕಾಕ್ಷನ್ನಾಗಿ ಇಳಿಯಬೇಕು. ಬಂಗಲೆಯಲ್ಲಿ ಇಳಿಯುತ್ತಿತ್ತು ಕೂಡ. ಇಲ್ಲಿ ಮಾತ್ರ ಮುಚ್ಚಳದ ಸುತ್ತ ಬುಸ್ಸೆಂದು ಸಿಟ್ಟು ಮಾಡಿಕೊಳ್ಳುವುದು ಬಿಟ್ಟರೆ ಅದು ಇನ್ನೇನನ್ನೂ ಕೊಟ್ಟಿರಲಿಲ್ಲ.

ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ಬಿಚ್ಚಿ, ಅರ್ಧದಷ್ಟನ್ನು ಜೋಡಿಸಿಕೊಟ್ಟಿದ್ದ ಮಾದಯ್ಯ ಪಾನಾ ಹಿಡಿದು ತಾನೇ ಬಂದ. ಅವನ ಹಿಂದೆ ಕೆಲಸವಿಲ್ಲದವರೆಲ್ಲ ಬಂದರು. ಮಾದಯ್ಯ ಮುಚ್ಚಳ ಬಿಚ್ಚಿ ಒಳಗೆ ಇಣುಕಿ, “ರಬ್ಬರ್ ರಿಂಗು ಬೆಂದೋಗದೆ ಕಣ್ಲಾ. ಈರೋಡಿಗೆ ಓದ್ರೂ ಸಿಗಲ್ಲ” ಎಂದ.

“ಸಿಗ್ದಿದ್ರೆ ಬ್ಯಾಡ. ನಾನು ಮಾಡೇ ತೀರ್ತೀನಿ” ಎಂದ ಜಡೇಸ್ವಾಮಿ.

ಮೊದಲು ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರು. ಒಲೆ ಹಚ್ಚಿದ ಮೇಲೆ ಮನೆಯೆಲ್ಲ ಪಂಚರ್ ಅಂಗಡಿಯ ವಾಸನೆ ಬಂತು. ಆಮೇಲೆ ಪಂಪಿಗೆ ಸುತ್ತುವ ಗ್ರೀಸು ಹಗ್ಗ ಸುತ್ತಿದರು. ಮಿಷಿನ್ನು ದಿಂಬದ ಘಾಟಿ ಹತ್ತುವ ಬಸ್ಸಿನಂತೆ ಏದುಸಿರು ಬಿಟ್ಟು, ಮಾದಯ್ಯನ ಬನಿಯನ್ನಿಗೆ ಗ್ರೀಸು ಉಗಿದು ನಿಂತಿತು. ಒಳಗೆ ಕಿಲುಬು ಕಟ್ಟಿದೆಯೇನೋ ಎಂದು ಶಾಂತಮಲ್ಲಮ್ಮ ಹುಣಸೆಹಣ್ಣು ಕಿವುಚಿ ತುಂಬಿಸಿಟ್ಟಳು. ಗಡಿಗೆ ಬಂಗಾರದಂತೆ ಹೊಳೆಯಿತು, ಮೂತಿಯಿಂದ ಮಾತ್ರ ಏನೂ ಬರಲಿಲ್ಲ. ಅಷ್ಟರಲ್ಲಿ ಜಡೇಸ್ವಾಮಿಯ ತಲೆಯೊಳಗೆ ಯಾರೋ ರಾಗಿ ಬೀಸುತ್ತಿದ್ದರು.

ಕೊನೆಗೆ ದಾರಿ ತೋರಿಸಿದವರು ಮಠದಲ್ಲಿ ಪೂಜೆ ಮಾಡುವ ಬಸವಯ್ಯನವರು. ಬಹಳ ಹೊತ್ತು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದವರು, “ರಾಗಿ ಇಟ್ಟ ಗಟ್ಟಿಯಾಗಿ ಕಲ್ಸಿ ಮುಚ್ಳದ ಸುತ್ತ ಮೆತ್ರಪ್ಪ. ಆವಿ ಒಂದು ಎಳೆನೂ ಆಚೆ ಓಗಲ್ಲ” ಎಂದರು.

ಎಲ್ಲರೂ ಅವರ ಮುಖ ನೋಡಿದರು. ಕಾಡಿನ ಮರೆಯಲ್ಲಿ ಗಡಿಗೆಗೆ ಹಾಗೆ ಹಿಟ್ಟು ಮೆತ್ತಿ ಏನು ಇಳಿಸುತ್ತಾರೆಂಬುದು ಊರಿಗೆಲ್ಲ ಗೊತ್ತು.

“ಇದ್ನೆಲ್ಲಿ ಕಲ್ತ್ರಿ ಅಯ್ನೋರೆ?” ಎಂದ ಮಾದಯ್ಯ.

“ಕೇಳ್ಬ್ಯಾಡ. ಮೆತ್ತು.”

ಮೆತ್ತಿದರು. ಒಲೆ ಜೋರು ಮಾಡಿದರು. ಮುಚ್ಚಳದ ದಾರಿ ಮುಚ್ಚಿಹೋಗಿ ಮಿಷಿನ್ನು ಗಡಗಡ ನಡುಗಿತು. ಮಾದಯ್ಯ ಮೂತಿಯ ಎದುರಿಗೆ ಬಗ್ಗಿ ಒಳಗೆ ನೋಡುವುದಕ್ಕೂ ಅದರೊಳಗಿಂದ ಏನೋ ಟಪ್ಪೆಂದು ಹಾರುವುದಕ್ಕೂ ಸರಿಹೋಯಿತು. ಮಾದಯ್ಯ ಹಣೆ ಹಿಡಿದು ಹಿಂದಕ್ಕೆ ಕೂತ. ಕೈ ತೆಗೆದಾಗ ಹಣೆಯ ನಟ್ಟನಡುವೆ ಬೆಳ್ಳಗೆ ವಿಭೂತಿ.

“ಇವತ್ತಾರ ಇಟ್ಕಂಡಲ್ಲ” ಎಂದರು ಬಸವಯ್ಯನವರು.

ಗುಟ್ಟು ಆಗ ತಿಳಿಯಿತು. ಮಿಷಿನ್ನು ಮನೆಗೆ ಬಂದ ದಿನ, ಒಲೆಗಿಡುವ ಮೊದಲು ಪೂಜೆ ಆಗಬೇಕಲ್ಲ? ವಿಭೂತಿ ಇಡೋಣವೆಂದರೆ ಅದಕ್ಕೆ ಹಣೆ ಯಾವುದೆಂದು ಜಡೇಸ್ವಾಮಿಗೆ ತಿಳಿದಿರಲಿಲ್ಲ. ಮೂತಿಯೇ ಮುಖ ಎಂದುಕೊಂಡು ಅದರ ಬಾಯಿಗೇ ಹೆಬ್ಬೆರಳಿನಿಂದ ಒದ್ದೆ ವಿಭೂತಿ ಒತ್ತಿದ್ದ. ಅವತ್ತಿನಿಂದ ಪ್ರತಿ ಸೋಮವಾರವೂ ಭಕ್ತಿಯಿಂದ ಒತ್ತುತ್ತ ಬಂದಿದ್ದ. ಕೆಲಸ ಮಾಡದಿದ್ದಾಗ ಇನ್ನಷ್ಟು ಭಕ್ತಿಯಿಂದ ಒತ್ತಿದ್ದ.

ಯಾರಿಗೂ ನಗುವುದಕ್ಕೆ ಪುರುಸೊತ್ತಾಗಲಿಲ್ಲ. ಮೂತಿಯಿಂದ ಕರ್ರಗಿನ ಡಿಕಾಕ್ಷನ್ನು ಸುಯ್ಯೆಂದು ಇಳಿಯತೊಡಗಿತ್ತು. ಅದರ ಘಮಕ್ಕೆ ಬೀದಿಯ ಆ ತುದಿಯಲ್ಲಿದ್ದವರೂ ಎದ್ದು ಬಂದರು.

ಜಡೇಸ್ವಾಮಿಯ ಎದೆ ಉಬ್ಬಿತು. ಬಾಯಲ್ಲಿ ನೀರೂ ಊರಿತು. ಆದರೆ ಬೀದಿಗೆ ಕುಡಿಸುತ್ತೇನೆಂದವನು ಮೊದಲು ತಾನೇ ಕುಡಿಯುವುದು ಯಾವ ಮನೆಯ ಮರ್ಯಾದೆ? ಬಸವಯ್ಯನವರಿಗೆ ಕೊಟ್ಟ, ಮಾದಯ್ಯನಿಗೆ ಕೊಟ್ಟ, ಜಗಲಿಯಲ್ಲಿ ಕೂತವರಿಗೆ ಕೊಟ್ಟ. ಕುಡಿದವರು ಇನ್ನೊಂದು ಸಲ ಲೋಟ ಚಾಚಿದರು. ಒಂದೊಂದು ಸಲವೂ ತನ್ನದೊಂದು ಲೋಟ ತುಂಬಿಸಿಕೊಂಡ, ಒಂದೊಂದು ಸಲವೂ ಇನ್ನೊಬ್ಬರು ಯಾರೋ ಮೆಟ್ಟಿಲು ಹತ್ತಿದರು.

ಕಡೆಯ ಲೋಟ ತುಟಿಯ ಹತ್ತಿರ ಬಂದಾಗ ಮೆಟ್ಟಿಲು ಹತ್ತಿದವನು ಪುಟ್ಟಬಸಪ್ಪ. ಇದಕ್ಕಾಗಿಯೇ ಅಲ್ಲವೇ ಹಗಲೆಲ್ಲ ತಲೆ ಸಿಡಿದದ್ದು? “ಬಾ ಲಾ, ಕುಡ್ದು ನೋಡು” ಎಂದು ಜಡೇಸ್ವಾಮಿ ಲೋಟವನ್ನು ಅವನ ಕೈಗೇ ಕೊಟ್ಟ. ಪುಟ್ಟಬಸಪ್ಪ ಒಂದು ಗುಟುಕು ಕುಡಿದ, ಆಮೇಲೆ ಪೂರ್ತಿ ಮುಗಿಸಿದ. “ಸೋತೆ ಕಣ್ಲಾ” ಎಂದು ಕಂಬಕ್ಕೆ ಒರಗಿ ಕೂತ. ಆ ಕ್ಷಣ ಜಡೇಸ್ವಾಮಿಗೆ ತಲೆನೋವು ನೆನಪೇ ಇರಲಿಲ್ಲ.

ಮರುಕ್ಷಣ ನೆನಪಾಯಿತು. ಒಳಗೆ ಹೋಗಿ ಕೇಳಿದರೆ ಪುಡಿಯ ಡಬ್ಬ ಖಾಲಿ, ಹಾಲೂ ಖಾಲಿ.

“ಪಕ್ಕದ ಮನೇಲಿ ಈಸ್ಕಂಡು ಬಾ” ಎಂದ.

“ದೀಪ ಅಚ್ಚಾಯ್ತು. ಮೂರು ಸಂಜೆ ಆದ್ಮೇಲೆ ಆಲು ಯಾರು ಕೊಟ್ಟಾರು? ನಾನೇ ಕೊಡಲ್ಲ” ಎಂದಳು ಶಾಂತಮಲ್ಲಮ್ಮ.

ಜಡೇಸ್ವಾಮಿ ಯೋಚಿಸಿದ. ಮಿಷಿನ್ ಕಾಫಿ ಆಗುವ ತನಕ ತಾನೇ ಬೇರೆ ಕಾಫಿ ಮುಟ್ಟುವುದಿಲ್ಲ ಅಂದದ್ದು? ಅದು ಆಯಿತು. ಹೋಟೆಲಿನ ಮೆಟ್ಟಿಲು ತುಳಿಯುವುದಿಲ್ಲ ಎಂದದ್ದು ನಿಜ. ಹಿಂಬಾಗಿಲಿಗೆ ಮೆಟ್ಟಿಲಿಲ್ಲ. ಪುಟ್ಟಬಸಪ್ಪ ಇಲ್ಲಿ ಕೂತಿದ್ದಾನೆ, ಅಲ್ಲಿ ಒಲೆ ನೋಡಿಕೊಳ್ಳುವವಳು ಅವನ ಹೆಂಡತಿ. ಎಮ್ಮೆ ಮೈ ತೊಳೆದ ನೀರೇ ಆಗಲಿ, ಬಿಸಿಯಾಗಿದ್ದರೆ ಸಾಕು. ತಲೆಗೆ ಟವಲು ಹೊದ್ದು ಹಿತ್ತಲಿನಿಂದ ಓಡಿದ.

ಹಿಂಬಾಗಿಲಿಗೆ ಬೀಗ. ಸುತ್ತಿ ಬಂದು ನೋಡಿದರೆ ಮುಂಬಾಗಿಲಿಗೂ ಬೀಗ.

ಮನೆಗೆ ಮರಳಿದಾಗ ಜಗಲಿ ಇನ್ನೂ ತುಂಬಿತ್ತು. ಪುಟ್ಟಬಸಪ್ಪ, “ಎಲ್ಲಿಗೋಗಿದ್ದೆ ಲಾ? ನಿನಗೇ ಕಾದಿವ್ನಿ. ಬಾಗ್ಲಿಗೆ ಬೀಗ ಜಡ್ದೇ ಬಂದೆ, ಎಂಗಸ್ರ ಗುಂಪಲ್ಲಿ ನಮ್ಮ ಎಂಗ್ಸೂ ಕುಡ್ದಾಯ್ತು. ಇಂತಾ ಕಾಫಿ ಮುಂದೆ ನಾನ್ಯಾವ ಮಖ ಇಟ್ಕಂಡು ಕಾಫಿ ಮಾಡ್ಲಿ? ನಾಳಿಂದ ಇಡ್ಲಿ ಮಾತ್ರ. ಕಾಫಿಗೆ ಎಲ್ಲಾರೂ ಇಲ್ಗೇ ಬನ್ನಿ ಅಂತ ಏಳ್ಬುಟ್ಟಿವ್ನಿ” ಎಂದ. ಊರು ಹೌದೌದು ಎಂದಿತು.

“ನೀನೂ ಕುಡ್ದಲ್ಲ, ನಿನಗೆ ಎಂಗನ್ನುಸ್ತು?” ಎಂದ ಮಾದಯ್ಯ.

ಜಡೇಸ್ವಾಮಿ ತಲೆಯ ಟವಲನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡ. “ಎಂಗನ್ನಿಸ್ತದೆ? ಇಂತಾ ಕಾಫಿ ಈ ಸೀಮೆಲೇ ಇಲ್ಲ. ಬೆಳಗ್ಗೆ ಎಲ್ಲಾರೂ ಬನ್ನಿ” ಎಂದು ಒಳಗೆ ಹೋಗಿ, ಒಂದು ಚೊಂಬು ನೀರು ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದ.